ಬಿಟ್ಟ ಕಾಸಿನ ಲೆಕ್ಕ

ಶಿರಾದಲ್ಲಿ ನಾನು ಕನ್ನಡದ ಅಧ್ಯಾಪಕನಾಗಿ ಕೆಲಸಕ್ಕೆ ಸೇರಿದ ಹೊಸತು. ಎಂಬತ್ತರ ದಶಕದ ನಡುಗಾಲವೆಂದು ಇಟ್ಟುಕೊಳ್ಳಿ. ನಾವು ಐದಾರು ಮಂದಿ ಅಧ್ಯಾಪಕರು ಸಂಸಾರವನ್ನು ಬೇರೆ ಬೇರೆ ಊರುಗಳಲ್ಲಿ ಬಿಟ್ಟು, ಕೋಣೆಗಳನ್ನು ಬಾಡಿಗೆಗೆ ಹಿಡಿದು ಕಾಲ ಹಾಕುತ್ತಿದ್ದೆವು. ಸಂಜೆ ಪಾಠಗಳು ಮುಗಿದವೆಂದರೆ ಬಸ್ ನಿಲ್ದಾಣದ ಬಳಿಯ ಹೋಟೆಲಿಗೆ ನಮ್ಮ ಸವಾರಿ ಹೊರಡುತ್ತಿತ್ತು. ಒಂದು ವಡೆ, ಒಂದು ಕಾಫಿ, ಮಾತು ಏರಿದರೆ ಅದರ ಮೇಲೊಂದು ಬೈಟೂ ಕಾಫಿ. ಸಂಧ್ಯಾವಂದನೆ ತಪ್ಪಿದರೂ ತಪ್ಪಬಹುದು, ಇದು ಮಾತ್ರ ತಪ್ಪುತ್ತಿರಲಿಲ್ಲ.

ನಮ್ಮಲ್ಲಿ ಗಣಿತದ ಅಧ್ಯಾಪಕರೊಬ್ಬರು ಮಂಗಳೂರಿನ ಕಡೆಯ ಕ್ಯಾಥೊಲಿಕ್ ಕ್ರೈಸ್ತರು. ಒಂದು ಬುಧವಾರ ಬೆಳಗ್ಗೆ ತುಮಕೂರಿಗೆ ಹೋಗಿ ಬಂದವರು ಹಣೆಯ ಮೇಲೆ ಬೂದಿಯ ಗುರುತಿಟ್ಟುಕೊಂಡೇ ತರಗತಿಗೆ ಹೋದರು. ಅಂದು ಸಂಜೆ ಎಂದಿನಂತೆ ನಮ್ಮೊಡನೆ ಹೋಟೆಲಿಗೆ ಬಂದು ಕುಳಿತರು. ಕುಡಿದದ್ದು ಒಂದು ಲೋಟ ನೀರು. ಮರುದಿನವೂ ಹಾಗೆಯೇ. ವಾರ ಕಳೆದ ಮೇಲೆ ನಾನು ಕೇಳಿದೆ. "ಈಸ್ಟರ್ ತನಕ ಹೋಟೆಲಿನ ಕಾಫಿ ಬಿಟ್ಟಿದ್ದೇನೆ ಮೇಷ್ಟ್ರೆ" ಎಂದರು. ಆಗ ನನಗೆ ಇಪ್ಪತ್ತೇಳು ವರ್ಷ. ಎಲ್ಲವನ್ನೂ ಹಗುರವಾಗಿ ಕಾಣುವುದೇ ಬುದ್ಧಿವಂತಿಕೆಯೆಂದು ತಿಳಿದಿದ್ದೆ. "ಹಾಗಾದರೆ ದಿನಕ್ಕೆ ಎರಡು ರೂಪಾಯಿ ಉಳಿತಾಯ. ಈಸ್ಟರಿಗೆ ಹೊಸ ಅಂಗಿ ಹೊಲಿಸಬಹುದು" ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. "ಉಳಿಸಿದರೆ ಅದು ನನ್ನದೇ ನಾಳಿನ ಕಾಫಿ. ಬಿಟ್ಟದ್ದೆಲ್ಲಿ ಬಂತು?" ಎಂದಷ್ಟೇ ಹೇಳಿ ನೀರಿನ ಲೋಟ ಎತ್ತಿಕೊಂಡರು.

ಅವರ ಕೋಣೆಯ ಗೂಡಿನಲ್ಲಿ ಬೋರ್ನ್‌ವಿಟಾದ ಹಳೆಯ ಡಬ್ಬಿಯೊಂದಿತ್ತು. ದಿನವೂ ಅಷ್ಟೇ ಚಿಲ್ಲರೆ, ಕುಡಿಯದ ಕಾಫಿಯ ಬೆಲೆ, ಅದರೊಳಗೆ ಬೀಳುತ್ತಿತ್ತು. ಈಸ್ಟರ್ ಬಂದಾಗ ಅದು ಅವರ ಊರಿನ ಇಗರ್ಜಿಗೆ ಹೋಗುತ್ತದೆಂದು ನಾನು ಭಾವಿಸಿದ್ದೆ. ಡಬ್ಬಿ ಅಲ್ಲಿಯ ತನಕ ಉಳಿಯಲಿಲ್ಲ. ಮಾರ್ಚ್ ತಿಂಗಳ ಕೊನೆಗೆ ಪರೀಕ್ಷಾ ಶುಲ್ಕ ಕಟ್ಟುವ ಗಡುವು ಬಂತು. ಐಚ್ಛಿಕ ಕನ್ನಡದ ನನ್ನ ತರಗತಿಯಲ್ಲಿ ಹುಡುಗನೊಬ್ಬ ಹದಿನೈದು ದಿನಗಳಿಂದ ಬಂದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಾನು ಅವನ ಹೆಸರಿನ ಮುಂದೆ ಗೀಟು ಎಳೆಯುತ್ತಿದ್ದೆನೇ ಹೊರತು ಏಕೆ ಬರುತ್ತಿಲ್ಲವೆಂದು ವಿಚಾರಿಸಿರಲಿಲ್ಲ. ವಿಚಾರಿಸಿದವರು ಗಣಿತದವರು. ಡಬ್ಬಿ ಬರಿದಾಗಿ ಅದರ ಜೊತೆಗೆ ಅವರ ಸಂಬಳದ ಒಂದಿಷ್ಟೂ ಸೇರಿ ಆ ಹುಡುಗನ ಶುಲ್ಕ ಸಂದಾಯವಾಯಿತೆಂದು ನನಗೆ ತಿಳಿದದ್ದು ಕಾಲೇಜಿನ ಗುಮಾಸ್ತರಿಂದ. ಇದಾಗಿ ನಲವತ್ತು ವರ್ಷಗಳ ಹತ್ತಿರಕ್ಕೆ ಬಂತು. ನಾನು ಆ ದಿನ ನಕ್ಕ ನಗೆ ಮಾತ್ರ ಇನ್ನೂ ಕಿವಿಯಲ್ಲಿದೆ. ಈ ಹೊತ್ತು ಬಾನುಲಿಯ ಮುಂದೆ ಕುಳಿತು ನಾನು ಆಡಬೇಕೆಂದಿರುವುದು ಆ ಡಬ್ಬಿಯ ವಿಚಾರವಾಗಿ.

ಕ್ರೈಸ್ತರ ಈ ವ್ರತಕಾಲಕ್ಕೆ ಇಂಗ್ಲಿಷಿನಲ್ಲಿ ಲೆಂಟ್ ಎಂದು ಹೆಸರು. ಪದದ ಮೂಲಾರ್ಥದಲ್ಲಿ ಉಪವಾಸವೂ ಇಲ್ಲ, ದೇವರೂ ಇಲ್ಲ. ಹಗಲು ಉದ್ದವಾಗುವ ಕಾಲ, ಎಂದರೆ ವಸಂತ, ಎಂಬುದಷ್ಟೇ. ಕನ್ನಡದ ಕ್ಯಾಥೊಲಿಕರು ಇದನ್ನು ತಪಸ್ಸುಕಾಲವೆಂದು ಕರೆದರು. ಮೊದಲ ದಿನವಾದ ಬೂದಿಯ ಬುಧವಾರಕ್ಕೆ ವಿಭೂತಿ ಬುಧವಾರವೆಂಬ ಹೆಸರೂ ಉಂಟು. ಶೈವರ ಹಣೆಯ ವಿಭೂತಿ ಅಷ್ಟು ಸಹಜವಾಗಿ ಇಗರ್ಜಿಯ ಪಂಚಾಂಗದೊಳಕ್ಕೆ ಹೋಗಿ ಕುಳಿತಿರುವುದನ್ನು ಕಂಡಾಗ ಭಾಷೆಯ ಮೇಷ್ಟ್ರಾದ ನನಗೆ ಸಂತೋಷವಾಗುತ್ತದೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಹರಸಿ ಹಂಚಿದ ಗರಿಗಳನ್ನು ಸುಟ್ಟು ಆ ಬೂದಿಯನ್ನು ಮಾಡುತ್ತಾರೆ. ಅಂದಿನಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ಭಾನುವಾರಗಳು ಹಬ್ಬದ ದಿನಗಳಾದುದರಿಂದ ಆ 6 ದಿನಗಳನ್ನು ಕಳೆದರೆ 40. ಯೇಸು ಅರಣ್ಯದಲ್ಲಿ ಉಪವಾಸವಿದ್ದ ದಿನಗಳೂ ಅಷ್ಟೆ.

ಈ ಕಾಲಕ್ಕೆ ಅವರು ಹೇಳುವ ಅಂಗಗಳು ಮೂರು: ಪ್ರಾರ್ಥನೆ, ಉಪವಾಸ, ದಾನ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಮೂರನ್ನೂ ಪರರ ಕಣ್ಣಿಗೆ ಬೀಳದಂತೆ ಮಾಡಬೇಕೆನ್ನುತ್ತದೆ. ಸಾಮಾನ್ಯವಾಗಿ ಹೊರಗಿನವರಾದ ನಮ್ಮ ಕಣ್ಣಿಗೆ ಬೀಳುವುದು ನಡುವಣ ಉಪವಾಸ ಒಂದೇ. ಆದರೆ ಉಪವಾಸಕ್ಕೂ ದಾನಕ್ಕೂ ನಡುವೆ ಲೆಕ್ಕದ ಒಂದು ದಾರವಿದೆ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ರಚಿತವಾದ, ಹೆರ್ಮಾಸನ 'ಕುರಿಗಾಹಿ' ಎಂಬ ಗ್ರಂಥದಲ್ಲಿ ಅದು ಕಾಣಸಿಗುತ್ತದೆ. ಉಪವಾಸದ ದಿನ ತಿನ್ನದೆ ಬಿಟ್ಟ ಆಹಾರದ ಬೆಲೆ ಎಷ್ಟಾಗುತ್ತಿತ್ತೆಂದು ಎಣಿಸಿ, ಅಷ್ಟನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡಬೇಕೆಂಬುದು ಅಲ್ಲಿಯ ಬೋಧೆಯ ತಿರುಳು. ನಮ್ಮ ಗಣಿತದ ಅಧ್ಯಾಪಕರ ಬೋರ್ನ್‌ವಿಟಾ ಡಬ್ಬಿಗೆ ಸುಮಾರು ಸಾವಿರದೆಂಟುನೂರು ವರ್ಷಗಳ ವಂಶಾವಳಿಯಿತ್ತು ಎಂದಾಯಿತು. ಇದೇ ಸೂತ್ರದ ಮೇಲೆ ಜರ್ಮನಿಯ ಕ್ಯಾಥೊಲಿಕರು 1958ರಲ್ಲಿ ಮಿಸೆರಿಯೊರ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ತಪಸ್ಸುಕಾಲದಲ್ಲಿ ಅಲ್ಲಿಯವರು ಕೊಟ್ಟ ಹಣ ಬಡ ದೇಶಗಳ ಕೆಲಸಗಳಿಗೆ ಹೋಗುತ್ತದೆ.

ಅದು ಅವರ ಧರ್ಮದ ಮಾತು, ನಮಗೇನು ಎಂದು ಯಾರಾದರೂ ಕೇಳಬಹುದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿಯೇ ನಾನು ಬಾಳನ್ನು ಕಳೆದವನು. ಬಿಡುವ ವ್ರತಗಳಿಗೆ ಈ ಸೀಮೆಯಲ್ಲಿ ಬರಗಾಲವಿಲ್ಲ. ಬರಗಾಲವಿಲ್ಲದ ವಸ್ತು ಇಲ್ಲಿ ಅದೊಂದೇ ಎಂದು ತಮಾಷೆಗೆ ಹೇಳಬಹುದು. ಶಿರಾದ ಮೊಗಲರ ಕಾಲದ ಜಾಮಿಯಾ ಮಸೀದಿಯ ಸುತ್ತಮುತ್ತ ರಂಜಾನಿನ ಸಂಜೆಗಳನ್ನು ನಾನು ನೋಡಿದ್ದೇನೆ. ಹಗಲಿನ ಉಪವಾಸ ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದಿರುವುದು ಅದರ ಬೆನ್ನಿಗಿರುವ ಲೆಕ್ಕ. ಹಬ್ಬದ ನಮಾಜಿಗೆ ಮುಂಚೆಯೇ ಮನೆಯ ತಲೆಗಿಷ್ಟರಂತೆ, ತೊಟ್ಟಿಲಲ್ಲಿರುವ ಕೂಸಿನ ಹೆಸರಿನಲ್ಲೂ, ಧಾನ್ಯವನ್ನೋ ಅದರ ಬೆಲೆಯನ್ನೋ ಬಡವರಿಗೆ ಸಲ್ಲಿಸಬೇಕು, ಅದು ಫಿತ್ರ. ಮುಪ್ಪಿನಿಂದಲೋ ವಾಸಿಯಾಗದ ಕಾಯಿಲೆಯಿಂದಲೋ ಉಪವಾಸ ಮಾಡಲಾರದವರು ಬಿಟ್ಟ ಒಂದೊಂದು ದಿನಕ್ಕೆ ಒಬ್ಬ ಬಡವನಿಗೆ ಉಣಬಡಿಸಬೇಕು; ಅದು ಫಿದಿಯಾ. ನನ್ನ ಹಸಿವು ಒಂದು ತಕ್ಕಡಿಯಲ್ಲಿ, ಇನ್ನೊಬ್ಬನ ಊಟ ಇನ್ನೊಂದರಲ್ಲಿ. ಇಷ್ಟು ನೇರವಾಗಿ ತೂಗಿದ ವಿಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೇರೆಲ್ಲೂ ಇಲ್ಲವೆಂದೆನೆ? ಅವಸರದ ಮಾತು. ನಮ್ಮ ಚಾತುರ್ಮಾಸ್ಯವನ್ನು ನೋಡಿ. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು. ಮಾಧ್ವರ ಮನೆಗಳಲ್ಲಿ ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ಮಧುಗಿರಿಯಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರು ಇದನ್ನು ಚಾಚೂ ತಪ್ಪದೆ ನಡೆಸುತ್ತಿದ್ದರು. ಒಂದೊಂದು ತಿಂಗಳು ಮುಗಿದಾಗಲೂ ಆ ತಿಂಗಳು ಬಿಟ್ಟ ಪದಾರ್ಥವನ್ನೇ ದಾನ ಮಾಡುತ್ತಿದ್ದರು. ತರಕಾರಿ ಬಿಟ್ಟ ತಿಂಗಳಿಗೆ ಮೊರದ ತುಂಬ ತರಕಾರಿ, ಮೊಸರಿಗೆ ಮೊಸರು, ಹಾಲಿಗೆ ಹಾಲು. ಉಪ್ಪು ಬಿಟ್ಟವರು ಉಪ್ಪನ್ನು, ಬೆಲ್ಲ ಬಿಟ್ಟವರು ಬೆಲ್ಲವನ್ನು ಕೊಟ್ಟು ವ್ರತವನ್ನು ಮುಗಿಸಬೇಕೆಂಬ ಬಗೆಯ ವಿಧಿಗಳು ಧರ್ಮಶಾಸ್ತ್ರಗಳಲ್ಲೇ ಇವೆ. ದಾನವನ್ನು ಯಾರಿಗೆ ಕೊಡಬೇಕೆಂಬ ವಿಚಾರದಲ್ಲಿ ಆ ಶಾಸ್ತ್ರಗಳ ದೃಷ್ಟಿ ಬಹಳ ಕಿರಿದು, ಅದನ್ನು ನಾನು ಸಮರ್ಥಿಸಲಾರೆ. ಆದರೆ ಬಿಟ್ಟದ್ದು ಬಿಟ್ಟವನ ಉಗ್ರಾಣದಲ್ಲೇ ಉಳಿಯಕೂಡದು ಎಂಬ ಅರಿವು ಅವಕ್ಕೂ ಇತ್ತು.

ಬಿಡುವುದರಲ್ಲಿ ಮೋಸವೂ ಬಹಳ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಪದಾರ್ಥವನ್ನು ಅಲ್ಲಿ ಬಿಟ್ಟು ಬರಬೇಕೆಂಬ ರೂಢಿ ನಮ್ಮಲ್ಲಿ ಉಂಟಷ್ಟೆ. ನಮ್ಮ ಬಂಧುಗಳಲ್ಲಿ ಕಾಶಿಗೆ ಹೋಗಿ ಬಂದವರ ಪಟ್ಟಿಯನ್ನು ಒಮ್ಮೆ ಮನಸ್ಸಿನಲ್ಲೇ ತೆಗೆದು ನೋಡಿದೆ. ಹಾಗಲಕಾಯಿ ಬಿಟ್ಟವರು ಮೂವರು, ಸೀಬೆಹಣ್ಣು ಬಿಟ್ಟವರು ಇಬ್ಬರು. ಕಾಫಿ ಬಿಟ್ಟು ಬಂದವರು ಒಬ್ಬರೂ ಸಿಕ್ಕಲಿಲ್ಲ. ಹಾಗಲಕಾಯಿಯನ್ನು ಬಿಟ್ಟವರಲ್ಲಿ ಇಬ್ಬರು ಅದನ್ನು ಹಿಂದೆಯೂ ಮುಟ್ಟುತ್ತಿರಲಿಲ್ಲವೆಂಬುದಕ್ಕೆ ನಾನೇ ಸಾಕ್ಷಿ.

ಈ ಮೋಸವನ್ನು ಹಳಬರು ಕಂಡಿದ್ದರು. ಮಧುಗಿರಿಯ ಮಲ್ಲಿನಾಥ ಬಸದಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಸಮಂತಭದ್ರಾಚಾರ್ಯರ ನೆನಪಾಗುತ್ತದೆ. ಗೃಹಸ್ಥರಿಗಾಗಿ ಅವರು ಬರೆದ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ವ್ರತವೆಂದರೇನೆಂದು ನಿರ್ಣಯಿಸುವ ಒಂದು ಮಾತು ಬರುತ್ತದೆ. ನಮಗೆ ಒಗ್ಗದ್ದನ್ನು ಬಿಡುವುದು, ಸೇವಿಸಬಾರದ್ದನ್ನು ಬಿಡುವುದು ಇರಲಿ, ಅವು ಹೇಗೂ ಬಿಡಬೇಕಾದವೇ. ಅನುಭವಿಸಲು ಯೋಗ್ಯವಾದುದರಿಂದ, ತಿಳಿದು, ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತ ಎಂದು ಅದರ ಭಾವ. ಹಾಗಲಕಾಯಿಯ ವ್ರತಿಗಳಿಗೆ ಅಲ್ಲಿ ಎಡೆಯಿಲ್ಲ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತದಲ್ಲಿ ಅವರು ಎರಡು ಬಗೆಯನ್ನೂ ಹೇಳುತ್ತಾರೆ: ಬದುಕಿರುವವರೆಗೆ ಬಿಟ್ಟರೆ ಯಮ, ಇಂತಿಷ್ಟು ಕಾಲವೆಂದು ಗೊತ್ತುಮಾಡಿ ಬಿಟ್ಟರೆ ನಿಯಮ. ನಾವು ದಿನಬಳಕೆಯಲ್ಲಿ ಸವೆಸಿಬಿಟ್ಟಿರುವ 'ನಿಯಮ' ಎಂಬ ಪದದ ಒಳಗೆ ಕಾಲದ ಗಡಿಯೊಂದಿತ್ತೆಂದು ತಿಳಿದಾಗ ನನಗೆ ಹೊಸ ಬೆಳಕು ಬಂದಂತಾಯಿತು. ನಲವತ್ತು ದಿನ ಬಿಟ್ಟರೇನು, ನಲವತ್ತೊಂದನೆಯ ದಿನ ಕುಡಿಯುತ್ತಾರಲ್ಲ ಎಂದು ಹಾಸ್ಯಮಾಡುವವರುಂಟು, ನಾನೂ ಮಾಡಿದ್ದೆ. ಗಡುವುಳ್ಳ ತ್ಯಾಗ ಕಡಿಮೆಯದೇನಲ್ಲ, ಅದು ಸಂಸಾರಿಗಳಿಗೆಂದೇ ಅಳೆದು ಹೊಲಿದ ಅಂಗಿ.

ಹರಕೆಯನ್ನು ಇದರೊಡನೆ ಬೆರೆಸಬಾರದು. ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಲಕ್ಷ್ಮಿಯ ಬಳಿಗೆ ಬರಲಿ ಎಂದು ಕೇಳಲು ಹೋಗುತ್ತೇವೆ, ಪಾವಗಡದ ಶನಿಮಹಾತ್ಮನ ಬಳಿಗೆ ಹೋಗಲಿ ಎಂದು ಕೇಳಲು ಹೋಗುತ್ತೇವೆ. ಎರಡೂ ಕಡೆ 'ನೀನು ನಡೆಸಿಕೊಟ್ಟರೆ ನಾನು ಸಲ್ಲಿಸುತ್ತೇನೆ' ಎಂಬ ಕರಾರಿದೆ. ಕರಾರು ತಪ್ಪೆಂದಲ್ಲ, ಕಷ್ಟದಲ್ಲಿರುವವರು ಮತ್ತೇನು ಮಾಡಿಯಾರು? ಆದರೆ ವ್ರತದಲ್ಲಿ ಕೊಡುವ ಪಕ್ಷ ಒಂದೇ. ಎದುರಿನ ಪಕ್ಷದಿಂದ ಏನೂ ಬರಬೇಕಾಗಿಲ್ಲ.

ಈ ಎರಡರ ನಡುವೆ ನಿಂತಿರುವುದು ಮುಡಿಪು. ಇದನ್ನು ಕುರಿತು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇದು ನನ್ನ ತಾಯಿಯ ಕಥೆ.

ನನ್ನ ತಾಯಿಯ ತವರು ಪಾವಗಡ ತಾಲ್ಲೂಕಿನ, ಆಂಧ್ರದ ಗಡಿಗೆ ಹತ್ತಿದ ಒಂದು ಹಳ್ಳಿ. ಮಾತಿನಲ್ಲಿ ಕನ್ನಡಕ್ಕೆ ತೆಲುಗು, ತೆಲುಗಿಗೆ ಕನ್ನಡ ಧಾರಾಳವಾಗಿ ಬೆರೆಯುತ್ತಿತ್ತು. ಮಧುಗಿರಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ತಂದೆಯವರ ಮನೆಗೆ ಬಂದಾಗ ಆಕೆ ತಂದ ಸಂಪತ್ತುಗಳಲ್ಲಿ ತಿರುಪತಿ ತಿಮ್ಮಪ್ಪನ ಮುಡಿಪೂ ಒಂದು. ಅರಿಸಿನದಲ್ಲಿ ಅದ್ದಿ ಒಣಗಿಸಿದ ಬಟ್ಟೆ, ಅದರಲ್ಲಿ ಕಟ್ಟಿಟ್ಟ ಕಾಸು. ದೇವರ ಗೂಡಿನ ಮೊಳೆಗೆ ಅದನ್ನು ತೂಗುಹಾಕಿದ್ದರು. ಮನೆಯ ಖರ್ಚಿನಲ್ಲಿ ಎಲ್ಲಿ ಏನು ಬಿಟ್ಟರೂ ಅದು ಅಲ್ಲಿಗೆ ಹೋಗುತ್ತಿತ್ತು. ಜಾತ್ರೆಯಲ್ಲಿ ಬಳೆ ಕೊಳ್ಳದಿದ್ದರೆ ನಾಲ್ಕಾಣೆ, ಎಲೆಅಡಿಕೆ ಬಿಟ್ಟ ವಾರ ಎರಡಾಣೆ. ದಶಮಾಂಶ ನಾಣ್ಯಗಳು ಬಂದು ಎಷ್ಟೋ ವರ್ಷಗಳಾಗಿದ್ದರೂ ಆಕೆಯ ಲೆಕ್ಕ ಆಣೆಯಲ್ಲೇ. ಒಮ್ಮೆ ಮುಡಿಪಿಗೆ ಬಿದ್ದ ಕಾಸು ಬೆಟ್ಟದ ಮೇಲಿನ ಹುಂಡಿಯಲ್ಲಿ ಬೀಳುವ ತನಕ ಯಾರ ಕೈಗೂ ಬರತಕ್ಕದ್ದಲ್ಲ. ಬಂದರೆ ತಿಮ್ಮಪ್ಪ ಬಡ್ಡಿಸಮೇತ ವಸೂಲು ಮಾಡುತ್ತಾನೆ. ಆತ ಮದುವೆಗಾಗಿ ಕುಬೇರನಲ್ಲಿ ಸಾಲ ಮಾಡಿದವನು, ಕಾಸಿನ ಬೆಲೆ ಬಲ್ಲವನು. ತೆಲುಗಿನಲ್ಲಿ ಅವನಿಗೆ 'ವಡ್ಡಿಕಾಸುಲವಾಡು' ಎಂದೇ ಹೆಸರು.

ಎಪ್ಪತ್ತರ ದಶಕದ ಆರಂಭದ ಬರಗಾಲದಲ್ಲಿ, ನಾನಿನ್ನೂ ಹೈಸ್ಕೂಲಿನ ಹೊಸಿಲು ತುಳಿದಿದ್ದಾಗ, ಪಕ್ಕದ ಮನೆಯ ಕಂಬಳಿ ನೇಯುವವರ ಮಗುವಿಗೆ ವಾಂತಿಭೇದಿ ಹತ್ತಿಕೊಂಡಿತು. ಯಜಮಾನ ಕೂಲಿ ಹುಡುಕಿಕೊಂಡು ಎಲ್ಲಿಗೋ ಹೋಗಿದ್ದ. ಮಗುವನ್ನು ತುಮಕೂರಿಗೆ ಒಯ್ಯಬೇಕು, ಕೈಯಲ್ಲಿ ಕಾಸಿಲ್ಲ. ತಿಂಗಳ ಕೊನೆ, ನಮ್ಮ ಮನೆಯಲ್ಲೂ ಇರಲಿಲ್ಲ. ತಾಯಿ ಒಳಗೆ ಹೋದರು. ಮೊಳೆಯಿಂದ ಮುಡಿಪನ್ನು ಇಳಿಸಿದರು. ಗಂಟು ವರ್ಷಗಳಿಂದ ಬಿಗಿದುಕೊಂಡಿತ್ತು, ಹಲ್ಲಿನಿಂದ ಬಿಚ್ಚಿದರು. ಅದು ಈಗಲೂ ನನಗೆ ಕಣ್ಣಿಗೆ ಕಟ್ಟಿದಂತಿದೆ. ತಂದೆಯವರು ಗಾಬರಿಯಾಗಿ, "ಏನು ಮಾಡ್ತಿದ್ದೀಯೆ ನೀನು? ದೇವರ ದುಡ್ಡು!" ಎಂದರು. ತಾಯಿ ತಲೆಯೆತ್ತದೆ ಕಾಸು ಎಣಿಸುತ್ತಲೇ, "ಅವನು ವಡ್ಡಿಕಾಸುಲವಾಡು ತಾನೆ? ಸಾಲ ಕೊಟ್ಟು ಗೊತ್ತು ಅವನಿಗೆ. ವಡ್ಡಿ ಸೇರಿಸಿಯೇ ಕೊಡೋಣ, ಬಿಡಿ" ಎಂದರು.

ಮಗು ಬದುಕಿತು. ಆ ಮರುದಿನದಿಂದ ತಾಯಿ ಮಧ್ಯಾಹ್ನದ ಕಾಫಿಯನ್ನು ಬಿಟ್ಟರು, ಎಲೆಅಡಿಕೆಯನ್ನು ಪೂರ್ತಿ ಬಿಟ್ಟರು. ನಮಗೆ ಯಾರಿಗೂ ಏನನ್ನೂ ಬಿಡಿ ಎನ್ನಲಿಲ್ಲ. ಮುಡಿಪು ಮೊದಲಿನ ತೂಕಕ್ಕೆ ಬರಲು ಒಂದೂವರೆ ವರ್ಷ ಹಿಡಿಯಿತು. ಅದರ ಮೇಲೆ ಬಡ್ಡಿ ಎಷ್ಟೆಂದು ತಂದೆಯವರು ಕಾಗದದ ಮೇಲೆ ಲೆಕ್ಕ ಹಾಕಿ ಕೊಟ್ಟರು. ಆರಂಭದಲ್ಲಿ ಕೋಪಿಸಿಕೊಂಡವರು ಕೊನೆಗೆ ಕರಣಿಕರಾದರು. ನೆರೆಯವರು ಆಗಾಗ ತಂದುಕೊಟ್ಟ ರಾಗಿಯ ಬೆಲೆಯೂ ಅದಕ್ಕೇ ಸೇರಿತು. ಕೊನೆಗೆ ಬೆಟ್ಟ ಹತ್ತಿ ಹುಂಡಿಯೊಳಕ್ಕೆ ಆ ಗಂಟನ್ನು ಹಾಕಿದಾಗ ತಾಯಿ ಕೈಮುಗಿದು ಏನೋ ತೆಲುಗಿನಲ್ಲಿ ಹೇಳಿಕೊಂಡರು. ಏನೆಂದು ಕೇಳಿದೆ. "ಸರಿಹೋಯಿತೇನೋ ನೋಡಿಕೋ ಅಂದೆ ಕಣೋ" ಎಂದರು.

ಎಂ.ಎ. ತರಗತಿಯಲ್ಲಿ ಆಯ್ದಕ್ಕಿ ಲಕ್ಕಮ್ಮನನ್ನು ಓದುವಾಗ ನನಗೆ ಟಿಪ್ಪಣಿ ಬೇಕಾಗಲಿಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಹೆಚ್ಚಾಗಿ ಆಯ್ದು ತಂದಾಗ, ನಮ್ಮ ದಿನದ ಅಳತೆಗಿಂತ ಇದು ಹೆಚ್ಚು, ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳುಹಿಸಿದಾಕೆ ಆಕೆ. ಬಡತನದಲ್ಲಿರುವವರಿಗೆ ಬಿಡಲು ಏನಿದೆ ಎಂದು ಕೇಳುವವರಿಗೆ ಆ ದಂಪತಿಗಳನ್ನು ತೋರಿಸಬಹುದು. ಆದರೆ ಇದನ್ನು ಉಂಡು ತೇಗುವವರು ಹಸಿದವರಿಗೆ ಹೇಳುವ ಉಪದೇಶವನ್ನಾಗಿ ಮಾಡಿಕೊಳ್ಳಬಾರದು. ಅಂಥ ಉಪದೇಶವನ್ನು ಕೇಳಿ ಕೇಳಿ ನಮ್ಮ ಸೀಮೆ ಬೇಸತ್ತಿದೆ.

ದೇಶವೇ ಒಂದು ವ್ರತವನ್ನು ಹಿಡಿದ ನೆನಪೂ ಮಸಕಾಗಿ ನನಗಿದೆ. 1965ರಲ್ಲಿ, ಯುದ್ಧವೂ ಆಹಾರದ ಅಭಾವವೂ ಒಟ್ಟಿಗೆ ಬಂದಾಗ, ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಕೇಳಿಕೊಂಡರು. ಸೋಮವಾರ ರಾತ್ರಿ ಅನೇಕ ಹೋಟೆಲುಗಳು ಬಾಗಿಲು ಹಾಕಿದವು. ಶಿವನ ಸೋಮವಾರವೆಂದು ಮೊದಲೇ ಒಪ್ಪೊತ್ತು ಮಾಡುತ್ತಿದ್ದ ಮನೆಗಳಲ್ಲಿ ಸರ್ಕಾರದ ಸೋಮವಾರವೂ ಸುಲಭವಾಗಿ ಹೊಂದಿಕೊಂಡಿತು. ಶಾಸ್ತ್ರಿಯವರು ಮೊದಲು ತಮ್ಮ ಮನೆಯಲ್ಲೇ ಅದನ್ನು ನಡೆಸಿ ನೋಡಿ ಆಮೇಲೆ ದೇಶಕ್ಕೆ ಹೇಳಿದರೆಂದು ಹಿರಿಯರು ಹೇಳುತ್ತಿದ್ದರು.

ಗಾಂಧೀಜಿಯವರ ಪ್ರಸಂಗವೊಂದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1915ರಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಹೋದಾಗ ಅವರು ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥಗಳನ್ನು ತಿನ್ನುವುದಿಲ್ಲವೆಂದು, ಕತ್ತಲಾದ ಮೇಲೆ ಊಟವಿಲ್ಲವೆಂದು ಸಂಕಲ್ಪಿಸಿದರು. ಅದರ ಹಿಂದಿನ ಕಾರಣಗಳಲ್ಲಿ ಒಂದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕಲ್ಕತ್ತೆಯಲ್ಲಿ, ರಂಗೂನಿನಲ್ಲಿ ಅತಿಥೇಯರು ತಮಗಾಗಿ ಬಗೆಬಗೆಯ ಹಣ್ಣುಹಂಪಲು ಸಾಲಾಗಿ ಇಟ್ಟು ಮಾಡಿದ ಖರ್ಚು ಅವರ ಮನಸ್ಸನ್ನು ಚುಚ್ಚಿತ್ತು. ತನ್ನ ಜೇಬಿನಿಂದ ಹೋಗದ ಖರ್ಚೂ ತನ್ನದೇ ಎಂದು ಎಣಿಸಿದವರು ಅವರು. ಅದೇ ಗಾಂಧೀಜಿಯವರು ಹಾಲು ಬಿಟ್ಟ ವ್ರತಕ್ಕೆ ಕಾಯಿಲೆಯಲ್ಲಿ ಆಡಿನ ಹಾಲಿನ ರಿಯಾಯಿತಿ ಹುಡುಕಿಕೊಂಡು, ಅಕ್ಷರ ಉಳಿಯಿತು, ಆತ್ಮ ಉಳಿಯಲಿಲ್ಲವೆಂದು ಕೊನೆತನಕ ಕೊರಗಿದರು. ನನ್ನ ತಾಯಿ ಮಾಡಿದ್ದು ಇದರ ತಿರುಗುಮುರುಗು.

ಇನ್ನು ನನ್ನ ಪಾಡು. ಇಷ್ಟೆಲ್ಲ ಹೇಳಿದ ಮೇಲೆ ನಾನೇನು ಬಿಟ್ಟೆನೆಂದು ಕೇಳುವ ಹಕ್ಕು ನಿಮಗಿದೆ.

ಬೀಡಿ ಸಿಗರೇಟು ನನಗಿಲ್ಲ. ಹೋಟೆಲಿನ ಚಟ ವಯಸ್ಸಿನೊಂದಿಗೆ ತಾನಾಗಿ ಕಳಚಿಕೊಂಡಿತು. ಉಳಿದ ದುರ್ವ್ಯಯ ಒಂದೇ, ಪುಸ್ತಕ ಕೊಳ್ಳುವುದು. ಓದುವುದಲ್ಲ, ಕೊಳ್ಳುವುದು. ನಿವೃತ್ತನಾದ ಮೇಲೆ ಇದು ಹೆಚ್ಚಾಯಿತು. ಮೊದಲಾದರೆ ಬೆಂಗಳೂರಿಗೆ ಹೋಗಬೇಕಿತ್ತು, ಅಂಗಡಿಯಲ್ಲಿ ನಿಲ್ಲಬೇಕಿತ್ತು, ಜೇಬಿನಿಂದ ನೋಟು ತೆಗೆದು ಎಣಿಸಬೇಕಿತ್ತು. ಈಗ ರಾತ್ರಿ ಹತ್ತು ಗಂಟೆಗೆ ಹಾಸಿಗೆಯ ಮೇಲೆ ಕುಳಿತು ಫೋನಿನ ಮೇಲೆ ಬೆರಳಿಟ್ಟರೆ ಮೂರನೆಯ ದಿನ ಬಾಗಿಲಲ್ಲಿ ಪೊಟ್ಟಣ. ಕಾಸು ಕೈಬಿಟ್ಟು ಹೋಗುವ ಸದ್ದೇ ಕೇಳಿಸುವುದಿಲ್ಲ. ನಾಣ್ಯ ಡಬ್ಬಿಗೆ ಬಿದ್ದಾಗ ಆಗುತ್ತಿದ್ದ ಠಣತ್ಕಾರ ಈ ಕಾಲದ ವ್ರತಿಗಳಿಗೆ ಆದ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ.

ಮೂರು ವರ್ಷಗಳ ಹಿಂದೆ ಕಪಾಟುಗಳನ್ನು ದೂಳು ಹೊಡೆಯುವಾಗ, ಕೊಂಡು ಓದದೆ ಇಟ್ಟವು ಎಷ್ಟೆಂದು ಎಣಿಸಿದೆ. 214. ಆ ವರ್ಷದ ಆಷಾಢ ಏಕಾದಶಿಯಂದು, ಕಾರ್ತಿಕದವರೆಗೆ ಒಂದು ಪುಸ್ತಕವನ್ನೂ ಕೊಳ್ಳುವುದಿಲ್ಲವೆಂದು ನಮ್ಮ ಮನೆಯವರ ಎದುರಿಗೆ ಹೇಳಿದೆ. "ಇದು ನಿಮ್ಮ ಹಾಗಲಕಾಯಿ ಅಲ್ಲ ತಾನೆ?" ಎಂದರು. ಅಲ್ಲವೆಂಬುದು ಮೊದಲ ವಾರದಲ್ಲೇ ತಿಳಿಯಿತು. ಹಸಿವಿಗಿಂತ ಇದರ ಕಾಟ ಬೇರೆ ಬಗೆಯದು. ಹೊಸ ಪುಸ್ತಕವೊಂದರ ವಿಮರ್ಶೆಯನ್ನು ಪತ್ರಿಕೆಯಲ್ಲಿ ಓದಿದರೆ ಸಾಕು, ಅದು ನನ್ನ ಕಪಾಟಿನಲ್ಲಿ ಇಲ್ಲವೆಂಬುದೇ ಒಂದು ಕೊರಗು. ಆ ನಾಲ್ಕು ತಿಂಗಳಲ್ಲಿ ನಾನು ಕಂಡುಕೊಂಡದ್ದು ಮರ್ಯಾದೆಗೆ ಒಗ್ಗುವಂಥದಲ್ಲ. ನಾನು ಕೊಳ್ಳುತ್ತಿದ್ದುದು ಜ್ಞಾನವನ್ನಲ್ಲ. ಇನ್ನೂ ಓದಲು ಕಾಲವಿದೆ, ಇನ್ನೂ ಬಹಳ ವರ್ಷಗಳಿವೆ ಎಂಬ ಭರವಸೆಯನ್ನು. ಅರವತ್ತು ದಾಟಿದವನಿಗೆ ಪುಸ್ತಕದಂಗಡಿ ಆಯುಷ್ಯವನ್ನು ಮಾರುವ ಅಂಗಡಿಯಂತೆ ತೋರುತ್ತದೆ.

ಬಯಕೆಯಾದಾಗಲೆಲ್ಲ ಪುಸ್ತಕದ ಬೆಲೆಯನ್ನು ಒಂದು ಲಕೋಟೆಯಲ್ಲಿ ಇಡುತ್ತ ಬಂದೆ. ಕಾರ್ತಿಕದಲ್ಲಿ ಎಣಿಸಿದಾಗ ಮೊತ್ತ ನನ್ನನ್ನು ನಾಚಿಸುವಷ್ಟಿತ್ತು. ಪಾವಗಡ ತಾಲ್ಲೂಕಿನ ಹಳ್ಳಿಯೊಂದರಲ್ಲ��� ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಾನೆ. ಆ ಶಾಲೆಗೆ ಪುಸ್ತಕಗಳನ್ನು ಕೊಡುವುದೆಂದು ನಿಶ್ಚಯಿಸಿ, ಪಟ್ಟಿ ಮಾಡಿ, ತರಿಸಿದೆ. ಇಪ್ಪತ್ತಮೂರು ಪುಸ್ತಕ ಬಂದವು. ಕಳುಹಿಸುವ ಮುನ್ನ ಒಂದೊಂದನ್ನೇ ತಿರುವಿಹಾಕಿದೆ. ತಿರುವಿಹಾಕಿದೆನೆಂದರೆ, ಒಂಬತ್ತನ್ನು ಓದಿ ಮುಗಿಸಿದೆ. ಹತ್ತನೆಯದನ್ನು ಕೈಗೆತ್ತಿಕೊಂಡಾಗ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಹೇಳಲಿಲ್ಲ. ನಾಲ್ಕು ತಿಂಗಳು ಮುಂಬಾಗಿಲನ್ನು ಮುಚ್ಚಿದವನು ಹಿತ್ತಿಲ ಬಾಗಿಲಿಂದ ಬಂದು ಅದೇ ಅಂಗಡಿಯಲ್ಲಿ ಕುಳಿತಿದ್ದೆ. ಪುಸ್ತಕಗಳನ್ನು ಅಂದೇ ಕಟ್ಟು ಕಟ್ಟಿ ಕಳುಹಿಸಿದೆ. ವಾರದ ಮೇಲೆ ಶಿಷ್ಯ ಫೋನ್ ಮಾಡಿದ. "ಪುಸ್ತಕಗಳು ಬಹಳ ಚೆನ್ನಾಗಿವೆ ಸಾರ್, ನಾನು ಓದ್ತಾ ಇದ್ದೀನಿ. ಮಕ್ಕಳಿಗೆ ಸ್ವಲ್ಪ ಕಷ್ಟ ಆಗ್ತದೆ" ಎಂದ. ಆ ಪಟ್ಟಿಯಲ್ಲಿ ಮಕ್ಕಳು ಎಲ್ಲಿಯೂ ಇರಲಿಲ್ಲವೆಂಬುದನ್ನು ಅವನು ಅಷ್ಟು ಮರ್ಯಾದೆಯಿಂದ ಹೇಳಿದ.

ಮರುವರ್ಷ ಮತ್ತೆ ನಿಯಮ ಹಿಡಿದೆ. ಈ ಸಲ ಲಕೋಟೆ ತುಂಬಿದಾಗ ಪಟ್ಟಿ ಮಾಡಲಿಲ್ಲ. ಮಕ್ಕಳನ್ನೇ ಕೇಳಿ ಹೇಳಪ್ಪ, ಏನು ಕೇಳಿದರೂ ಸರಿ ಎಂದೆ. ಒಳಗೊಳಗೆ, ಕಥೆಪುಸ್ತಕ ಕೇಳಿಯಾರು, ಕುವೆಂಪು ಕೇಳಿಯಾರು ಎಂಬ ಆಸೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಎರಡು ದಿನ ಬಿಟ್ಟು ಉತ್ತರ ಬಂತು. ಎರಡು ಕೇರಂ ಬೋರ್ಡು.

ಅಂಗಡಿಗೆ ನಾನೇ ಹೋದೆ. ಬೋರ್ಡಿನ ಬೆಲೆಯನ್ನು ನೋಟುಗಳಲ್ಲೇ ಎಣಿಸಿ ಕೊಟ್ಟೆ. ಮಧುಗಿರಿಯ ಬಸ್ ನಿಲ್ದಾಣದಲ್ಲಿ ಪಾವಗಡದ ಬಸ್ಸಿಗೆ ಅವನ್ನು ಹಾಕಿಸಿ, ಕಂಡಕ್ಟರನ ಕೈಗೆ ಶಿಷ್ಯನ ಹೆಸರು ಬರೆದ ಚೀಟಿ ಕೊಟ್ಟು ಮನೆಗೆ ಬಂದೆ. ಮಾರನೆಯ ದಿನ ಫೋನ್ ಬಂತು. ಶಿಷ್ಯನಲ್ಲ, ಅವನ ಕೈಯಿಂದ ಫೋನ್ ಕಸಿದುಕೊಂಡ ಯಾವುದೋ ಹುಡುಗಿ. "ತಾತ, ಬೋರ್ಡು ಬಂತು. ಪೌಡರ್ ಡಬ್ಬಿ ಹಾಕೋದು ಮರೆತಿದ್ದೀರ" ಎಂದಳು.